ಜಾಣ ಮಗು ಅಳಬಾರದು ಅಂತ ಯಾರು ಹೇಳಿದ್ದು?

ಜಾಣ ಮಕ್ಕಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಹಳೆಯ ಪ್ರಶ್ನೆಗಳೇ. ಊರು ಬೇರೆ, ಮಗು ಬೇರೆ, ಪ್ರಶ್ನೆ ಅದೇ. ಸಣ್ಣವನ್ನು ಮೊದಲು ಮುಗಿಸಿಬಿಡುತ್ತೇನೆ.

ಕಣ್ಣಿಗೆ ಬಟ್ಟೆ ಕಟ್ಟಿ ಓದಿಸುವ ‘ಮಿಡ್‌ಬ್ರೈನ್’ ಕ್ಲಾಸಿಗೆ ಮಗಳನ್ನು ಸೇರಿಸಲೇ? (ಕಾರವಾರ)

ಬೇಡ. ಮೂಗಿನ ಪಕ್ಕ ಬಟ್ಟೆ ಸರಿಯಾಗಿ ಕೂರುವುದಿಲ್ಲ, ಆ ಸಂದಿಯಲ್ಲಿ ಮಕ್ಕಳು ನೋಡುತ್ತಾರೆ. ಅಷ್ಟೇ ವಿದ್ಯೆ. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕ್ ಇದನ್ನು ಬಯಲು ಮಾಡುತ್ತಲೇ ಬಂದಿದ್ದಾರೆ, ಜನ ಮಾತ್ರ ದುಡ್ಡು ಕಟ್ಟುವುದು ಬಿಟ್ಟಿಲ್ಲ. ದುಡ್ಡು ಹಾಳಾಗಲಿ, ಅಪ್ಪ-ಅಮ್ಮನ ಎದುರೇ ಸುಳ್ಳು ಆಡಲು ಮಗು ಕಲಿಯುತ್ತದಲ್ಲ, ನನಗೆ ಸಿಟ್ಟು ಅದಕ್ಕೆ.

ಬೆರಳಚ್ಚು ನೋಡಿ ಪ್ರತಿಭೆ ಹೇಳುತ್ತಾರಂತೆ? (ಅಂಕೋಲಾ)

ಬೆರಳು ಯಾರದ್ದು ಅಂತ ಹೇಳಬಹುದು.

ದಿನಾ ಒಂದೆಲಗ ಕೊಟ್ಟರೆ ಐಕ್ಯೂ ಏರುತ್ತದೆಯೇ? (ಕುಮಟಾ)

ತಂಬುಳಿ ಮಾಡಿ, ಊಟ ಸೇರುತ್ತದೆ.

ಇನ್ನು ಶಿರಸಿ ಕಡೆಯ ಹಳ್ಳಿಯ ತಾಯಿಯೊಬ್ಬರ ಪತ್ರ. ಮಗನಿಗೆ 9 ವರ್ಷ, ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ಕ್ಲಾಸು, ಓದುವುದು ಏಳನೇ ಕ್ಲಾಸಿನ ಪುಸ್ತಕ. ಹೋದ ವರ್ಷದವರೆಗೆ ಕುಣಿಯುತ್ತಾ ಹೋಗುತ್ತಿದ್ದವನಿಗೆ ಈಗ ದಿನಾ ಬೆಳಿಗ್ಗೆ ಹೊಟ್ಟೆನೋವು. ಒಂದು ಅಕ್ಷರ ಸೊಟ್ಟ ಆದರೆ ಹಾಳೆ ಹರಿಯುತ್ತಾನೆ. ದೀಪಾವಳಿಗೆ ನೆಂಟರು ಬಂದಾಗ ಕೇರಂನಲ್ಲಿ ಸೋತು ಗೋಳೋ ಎಂದು ಅತ್ತ. ಓರಗೆಯ ಸ್ನೇಹಿತರಿಲ್ಲ, ಪಕ್ಕದ ಮನೆಯ ನಿವೃತ್ತ ಮಾಸ್ತರರ ಜೊತೆ ಮಾತ್ರ ಮಾತು. ರಾತ್ರಿ ‘ಅಜ್ಜ ಸತ್ತರೆ ಎಲ್ಲಿ ಹೋಗುತ್ತಾನೆ’ ಎಂದು ಕೇಳುತ್ತಾನೆ. “ಇಷ್ಟು ಬುದ್ಧಿ ಇದ್ದವನಿಗೆ ಇದೆಲ್ಲ ತಿಳಿಯುವುದಿಲ್ಲವೇ? ಒಂದು ಕ್ಲಾಸು ಮುಂದೆ ಹಾಕಿಸಲೇ?”

ನೋಡಿ ಅಮ್ಮ, ‘ಇಷ್ಟು ಬುದ್ಧಿ ಇದ್ದವನಿಗೆ’ ಅನ್ನುವುದನ್ನು ಮೊದಲು ಬಿಡಿ. ಓದಲು ಕೂತಾಗ ಅವನಿಗೆ 12 ವರ್ಷ, ಪೆನ್ಸಿಲ್ ಹಿಡಿದಾಗ 9, ಸೋತಾಗ 6. ಇಂಥ ಮಕ್ಕಳಲ್ಲಿ ಎಲ್ಲವೂ ಒಂದೇ ವೇಗದಲ್ಲಿ ಬೆಳೆಯುವುದಿಲ್ಲ. 1991ರಲ್ಲಿ ಅಮೆರಿಕದ ಕೊಲಂಬಸ್‌ನಲ್ಲಿ ಸೇರಿದ ತಜ್ಞರ ಗುಂಪೊಂದು ಈ ಏರುಪೇರನ್ನೇ ಪ್ರತಿಭೆಯ ಲಕ್ಷಣ ಎಂದಿತು. ಅಕ್ಷರ ಹೇಗಿರಬೇಕು ಅಂತ ಅವನ ತಲೆಗೆ ಗೊತ್ತು, ಕೈಗೆ ಬರುವುದಿಲ್ಲ, ಅದಕ್ಕೇ ಹಾಳೆ ಹರಿಯುತ್ತದೆ.

ಹೊಟ್ಟೆನೋವನ್ನು ಒಮ್ಮೆ ಡಾಕ್ಟರಿಗೆ ತೋರಿಸಿ, ನಾಟಕ ಅನ್ನಬೇಡಿ. ಭಾನುವಾರ ನೋವು ಇರುವುದಿಲ್ಲ ಎಂದಾದರೆ ಕಾರಣ ಶಾಲೆಯಲ್ಲಿರಬಹುದು. ಮೂರನೇ ಕ್ಲಾಸಿನವರೆಗೆ ನಲಿ-ಕಲಿ ಇತ್ತು ಅಲ್ವಾ? ಮೂರು ಕ್ಲಾಸಿನವರು ಒಟ್ಟಿಗೆ ಕೂತು, ಕಲಿಕಾ ಏಣಿಯ ಮೆಟ್ಟಿಲುಗಳನ್ನು ಅವರವರ ವೇಗದಲ್ಲಿ ಹತ್ತುತ್ತಾರೆ, ನಿಮ್ಮವನು ಓಡಿಕೊಂಡು ಹತ್ತಿರಬೇಕು. ಈಗ ಎಲ್ಲರಿಗೂ ಒಂದೇ ಪಾಠ. ಹತ್ತು ಲೆಕ್ಕ ಬೇಗ ಮುಗಿಸಿದರೆ ಅಂಥವೇ ಇನ್ನೂ ಹತ್ತು ಕೊಡುತ್ತಾರೆ, ಅದು ಮಗುವಿಗೆ ಶಿಕ್ಷೆ. ಅಕ್ಕೋರ ಹತ್ತಿರ ಜಗಳಕ್ಕೆ ಹೋಗದೆ ಕೇಳಿ: ಕಡೆಯ ಕಷ್ಟದ ನಾಲ್ಕು ಲೆಕ್ಕ ಮೊದಲು ಮಾಡಲಿ, ಸರಿಯಿದ್ದರೆ ಉಳಿದ ಹೊತ್ತು ಅವನಿಷ್ಟದ ಪುಸ್ತಕ.

ಒಂದು ಕ್ಲಾಸು ಮುಂದೆ ಹಾಕಿದರೆ ಇಂಥ ಮಕ್ಕಳು ಕೆಡುತ್ತಾರೆ ಎಂದು ಸಂಶೋಧನೆಗಳು ಹೇಳುವುದಿಲ್ಲ, ಹೆಚ್ಚಿನವರು ಹೊಂದಿಕೊಳ್ಳುತ್ತಾರೆ. ಆದರೂ ಈ ವರ್ಷ ಬೇಡ ಅನ್ನುತ್ತೇನೆ. ಹಿಂದೊಮ್ಮೆ ಹೀಗೇ ಅಳುತ್ತಿದ್ದ ಹುಡುಗಿಯ ವಿಷಯದಲ್ಲಿ ಅವಸರ ಮಾಡಿದೆ, ಆಮೇಲೆ ನನಗೇ ನಿದ್ದೆ ಬರಲಿಲ್ಲ. ಸದ್ಯಕ್ಕೆ ಲೆಕ್ಕದ ಪಿರಿಯಡ್ಡಿಗೆ ಮಾತ್ರ ಐದನೆಯವರ ಜೊತೆ ಕೂರಲಿ. ಸಣ್ಣ ಶಾಲೆ, ಪಕ್ಕದ ಬೆಂಚಿಗೆ ಹೋದರಾಯಿತು.

ದೀಪಾವಳಿಯ ಕತೆಗೆ ಬರುತ್ತೇನೆ. ಕೇರಂಗೆ ಮೊದಲು ನೆಂಟರ ಎದುರು ಅವನಿಂದ ಹತ್ತೊಂಬತ್ತರ ಮಗ್ಗಿ ಹೇಳಿಸಿದ್ದಿರಿ. ನೀವು ಬರೆದಿಲ್ಲ, ನನಗೆ ಗೊತ್ತು. ಎಲ್ಲರೂ “ಭಾರೀ ಜಾಣ” ಎಂದ ಹತ್ತು ನಿಮಿಷಕ್ಕೆ ಅವರ ಎದುರೇ ಸೋತರೆ, ಹೋಗುವುದು ಬರೀ ಆಟ ಅಲ್ಲ, ಆ ಹೆಸರೂ ಹೋಯಿತು ಅನ್ನಿಸುತ್ತದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಮತ್ತು ಸಹೋದ್ಯೋಗಿ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಐದನೇ ಕ್ಲಾಸಿನ ಕೆಲವು ಮಕ್ಕಳನ್ನು ‘ಜಾಣ’ ಎಂದು ಹೊಗಳಿದರು, ಕೆಲವರನ್ನು ‘ಕಷ್ಟಪಟ್ಟೆ’ ಎಂದು. ಆಮೇಲೆ ತುಂಬ ಕಷ್ಟದ್ದು ಕೊಟ್ಟು ಸೋತಾಗ, ಮುಂದುವರಿಸುವ ಉತ್ಸಾಹ ಹೆಚ್ಚು ಕಳೆದುಕೊಂಡವರು ಜಾಣ ಅನ್ನಿಸಿಕೊಂಡವರು. ಹಾಗಾಗಿ ಪ್ರದರ್ಶನ ಇವತ್ತೇ ಬಂದ್. ಅವನಿಗೆ ಚೂರೂ ಬಾರದ ಒಂದನ್ನು ಕಲಿಯಲು ಹಾಕಿ, ಈಜೋ ಚಂಡೆಯೋ ಏನಾದರೂ. ಅಪ್ಪನೂ ಜೊತೆಗೆ ಕಲಿತು, ತಪ್ಪಿ, ನಗಲಿ.

ಮಾಸ್ತರರ ಸ್ನೇಹ ತಪ್ಪಿಸಬೇಡಿ, ದಮ್ಮಯ್ಯ. ಮಾತಿಗೆ ಅವರಿರಲಿ, ಹೊಳೆಯಲ್ಲಿ ಆಡಲು ಓರಗೆಯ ಒಬ್ಬ ಸಿಕ್ಕರೂ ಸಾಕು. ಸಾವಿನ ಪ್ರಶ್ನೆಗೆ “ಸುಮ್ನೆ ಮಲಗು” ಅನ್ನಬೇಡಿ. ಪಕ್ಕದಲ್ಲಿ ಕೂತು ಗೊತ್ತಿದ್ದಷ್ಟು ಹೇಳಿ, ಉಳಿದದ್ದು ನಿಮಗೂ ಗೊತ್ತಿಲ್ಲ ಎನ್ನಿ. ವಾರಗಟ್ಟಲೆ ನಿದ್ದೆ ಬರದಿದ್ದರೆ, ಅಥವಾ ತಾನೇ ಸಾಯಬೇಕು ಎಂಬ ಮಾತು ಬಂದರೆ, ನನ್ನ ಉತ್ತರಕ್ಕೆ ಕಾಯಬೇಡಿ. 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ-ಮಾನಸ್, ದುಡ್ಡಿಲ್ಲ. ಡಾಕ್ಟರ ಹತ್ತಿರವೂ ಕರೆದುಕೊಂಡು ಹೋಗಿ.

ಕೊನೆಯದು. ಐಕ್ಯೂ ಎಷ್ಟಿದ್ದರೆ ಪ್ರತಿಭಾವಂತ? (ಹೊನ್ನಾವರ)

ಸಾಮಾನ್ಯವಾಗಿ 130 ಎನ್ನುತ್ತಾರೆ, ನೂರಕ್ಕೆ ಇಬ್ಬರು ಮೂವರು ಆ ಗೆರೆ ದಾಟುತ್ತಾರೆ. ಪರೀಕ್ಷೆಯ ಮೇಲೆ ಏನಾದರೂ ತೀರ್ಮಾನ ಮಾಡುವುದಿದ್ದರೆ ಮಾತ್ರ ತರಬೇತಾದವರ ಹತ್ತಿರ ಮಾಡಿಸಿ. ಫೋನಿನ ಆ್ಯಪ್ ತೋರಿಸಿದ 160ನ್ನು ನನಗೆ ಕಳಿಸಬೇಡಿ, ನಾನೂ ಆಡಿ ನೋಡಿದ್ದೇನೆ, ನನಗೂ ಅಷ್ಟೇ ಬಂದಿದೆ.