ಬೇಸಿಗೆ ರೆಸಿಡೆನ್ಸಿಗೆ ಅರ್ಜಿ ಹಾಕಲೋ, ಊರಲ್ಲೇ ಕೂತು ಪೇಂಟ್ ಮಾಡಲೋ?

ಬಿವಿಎ (ದೃಶ್ಯಕಲೆಯ ಪದವಿ) ಮೂರನೇ ವರ್ಷ, ಬೇಸಿಗೆಯಲ್ಲಿ ಯಾವುದಾದರೂ ರೆಸಿಡೆನ್ಸಿ ಫೆಲೋಶಿಪ್‌ಗೆ, ಅಂದರೆ ಕಲಾವಿದರು ಕೆಲವು ವಾರ ಒಂದು ಕಡೆ ಉಳಿದು ಕೆಲಸ ಮಾಡುವ ಜಾಗಕ್ಕೆ, ಹೋಗುವ ಆಸೆ, ಮನೆಯಲ್ಲಿ ಮಾತ್ರ "ಸುಮ್ನೆ ದಂಡ" ಅಂತಾರೆ. ನಿಮ್ಮ ಪ್ರಶ್ನೆ ಇಷ್ಟೇ ಅಲ್ವಾ? ಅರ್ಜಿ ಹಾಕಿ. ಆದರೆ ಅದಕ್ಕೂ ಮುಂಚೆ ದುಡ್ಡಿನ ವಿಷಯ ಬರೆದಿರುವ ಸಾಲುಗಳನ್ನು ಎರಡು ಸಲ ಓದಿ.

ಫೆಲೋಶಿಪ್ ಅನ್ನುವ ಒಂದೇ ಹೆಸರಲ್ಲಿ ಮೂರು ಥರದ ವ್ಯವಹಾರ ನಡೆಯುತ್ತದೆ. ಕೆಲವರು ಉಳಿಯಲು ಜಾಗ, ಸ್ಟುಡಿಯೋ, ಖರ್ಚಿಗೆ ದುಡ್ಡು ಎಲ್ಲ ಕೊಡುತ್ತಾರೆ. ಕೆಲವರು ಶುಲ್ಕದಲ್ಲಿ ಒಂದಿಷ್ಟು ಕಡಿಮೆ ಮಾಡಿ ಅದಕ್ಕೇ ಫೆಲೋಶಿಪ್ ಅನ್ನುತ್ತಾರೆ. ಇನ್ನು ಕೆಲವು ಕಡೆ ಊಟ, ವಸತಿಗೆ ಬದಲಾಗಿ ನೀವು ಕೆಲಸ ಮಾಡಬೇಕು. ಅಮೆರಿಕದ ಮಿಷಿಗನ್‌ನಲ್ಲಿ 1910ರಲ್ಲಿ ಶುರುವಾದ ಆಕ್ಸ್‌ಬೋ ಅನ್ನುವ ಕಲಾಶಾಲೆ ಇದೆ. ಅಲ್ಲಿ ವಿದ್ಯಾರ್ಥಿ ಫೆಲೋಗಳು ಇಡೀ ಬೇಸಿಗೆ ಇರುತ್ತಾರೆ, ಜೊತೆಗೆ ವಾರಕ್ಕೆ ಇಷ್ಟು ಗಂಟೆ ಅಂತ ಕ್ಯಾಂಪಸ್ಸಿನ ಕೆಲಸವನ್ನೂ ಮಾಡುತ್ತಾರೆ. ಅದರಲ್ಲೇನೂ ತಪ್ಪಿಲ್ಲ, ಗೊತ್ತಿದ್ದು ಹೋಗಬೇಕು ಅಷ್ಟೇ.

ಅಮೆರಿಕದ ಇನ್ನೆರಡು ಹೆಸರು ನಿಮ್ಮ ಕಿವಿಗೂ ಬಿದ್ದಿರುತ್ತದೆ. ಮೇಯ್ನ್ ರಾಜ್ಯದ ಸ್ಕೌಹೀಗನ್ ಕಲಾಶಾಲೆ 1946ರದ್ದು. ಒಂಬತ್ತು ವಾರ, ಸುಮಾರು 65 ಜನ. ಯೇಲ್ ವಿಶ್ವವಿದ್ಯಾಲಯದ ನಾರ್ಫೋಕ್ ಕಲಾಶಾಲೆ 1948ರಲ್ಲಿ ಶುರುವಾಯಿತು. ಅದು ಡಿಗ್ರಿಯ ಕೊನೆಯ ವರ್ಷಕ್ಕೆ ಕಾಲಿಡುವವರಿಗೆ. ಇಂಥವಕ್ಕೆ ಅರ್ಜಿ ಚಳಿಗಾಲದಲ್ಲೇ ಮುಗಿದು ಹೋಗುತ್ತದೆ, ಮಾರ್ಚ್‌ನಲ್ಲಿ ನೋಡಿದರೆ ಉಪಯೋಗವಿಲ್ಲ. ಅವರ ಬೇಸಿಗೆ ಜೂನ್‌ನಿಂದ ಆಗಸ್ಟ್‌, ಆ ಹೊತ್ತಿಗೆ ನಮ್ಮಲ್ಲಿ ಸೆಮಿಸ್ಟರ್ ಪರೀಕ್ಷೆ ಬರುವುದೂ ಉಂಟು. ವೀಸಾ, ವಿಮಾನದ ಖರ್ಚು ಬೇರೆ.

ನನ್ನನ್ನು ಕೇಳಿದರೆ ಮೊದಲು ದೆಹಲಿ ಕಡೆ ನೋಡಿ. ಅಲ್ಲಿನ ಖಿಡಕಿ ಬಡಾವಣೆಯಲ್ಲಿರುವ ಖೋಜ್ ಸಂಸ್ಥೆ ಕಲಾವಿದರೇ ಸೇರಿ 1997ರಲ್ಲಿ ಕಟ್ಟಿದ್ದು. ಅವರ ಪೀರ್ಸ್ ಅನ್ನುವ ರೆಸಿಡೆನ್ಸಿ ಕಾರ್ಯಕ್ರಮ 2003ರಿಂದ ಇದೆ. ಓದುತ್ತಿರುವವರಿಗೆ, ಈಗಷ್ಟೇ ಓದು ಮುಗಿಸಿದವರಿಗೆ ಅಂತಲೇ ಮಾಡಿದ್ದು. ತೆಗೆದುಕೊಳ್ಳುವುದು ಬೆರಳೆಣಿಕೆಯಷ್ಟು ಜನರನ್ನು. ಕೊನೆಯಲ್ಲಿ ಓಪನ್ ಡೇ ಇರುತ್ತದೆ, ಮಾಡಿದ್ದನ್ನು ಎಲ್ಲರಿಗೂ ತೋರಿಸಬೇಕು. ರೆಸಿಡೆನ್ಸಿ ಅಂದರೆ ಏನು ಅಂತ ಕಣ್ಣಾರೆ ನೋಡಬೇಕಾದರೆ ಅಷ್ಟು ದೂರವೂ ಬೇಡ. ಬೆಂಗಳೂರಿನ 1 ಶಾಂತಿರೋಡ್ ಅನ್ನುವ ಕಲಾ ಜಾಗದಲ್ಲಿ ಹೊರಗಿನ ಕಲಾವಿದರು ಬಂದು ಉಳಿದು ಕೆಲಸ ಮಾಡುತ್ತಾರೆ. ಒಂದು ಸಂಜೆ ಹೋಗಿ ನೋಡಿಕೊಂಡು ಬನ್ನಿ.

ಈಗ ನನ್ನ ಕಥೆ. ನಾನು ಹೋಗಿದ್ದೂ ದೆಹಲಿಗೇ, ಒಂದು ಚಿಕ್ಕ ಜಾಗಕ್ಕೆ, ಮೇ ತಿಂಗಳಲ್ಲಿ ನಾಲ್ಕು ವಾರ. ಹೆಸರು ಹೇಳುವುದಿಲ್ಲ, ಮುಂದೆ ಒಂದು ದೂರು ಇದೆ.

ಮೈಸೂರಿಂದ ಆರು ಕ್ಯಾನ್ವಾಸ್ ಸುತ್ತಿಕೊಂಡು ರೈಲು ಹತ್ತಿದ್ದೆ. ಕಾಲೇಜಲ್ಲಿ ಮಾಡುತ್ತಿದ್ದ ಸೀರೀಸನ್ನೇ ಅಲ್ಲಿ ಮುಗಿಸುವ ಲೆಕ್ಕಾಚಾರ. ಮೊದಲ ದಿನ ಅಕ್ರಿಲಿಕ್ ಹಿಂಡಿ, ನೀಲಿಗೆ ಬಿಳಿ ಬೆರೆಸಿ ಬ್ರಷ್ ಎತ್ತುವಷ್ಟರಲ್ಲಿ ಬಣ್ಣದ ಅಂಚು ರಬ್ಬರಿನ ಹಾಗೆ ಎದ್ದು ಬಂತು. ಕೆಳಗೆ ಒದ್ದೆ ಬಟ್ಟೆ ಹಾಸಿದೆ, ಅದೂ ಒಣಗಿತು. ಆ ಬಿಸಿಲು ಹಾಗಿತ್ತು. ಮೂರನೇ ದಿನಕ್ಕೆ ಅಳು ಬರುವುದೊಂದು ಬಾಕಿ. ಹಾಜರಿ ಇಲ್ಲ, ಸಬ್ಮಿಷನ್ ಇಲ್ಲ, ಮೇಷ್ಟ್ರು ಇಲ್ಲ, ಏನು ಮಾಡಬೇಕು ಅಂತ ಹೇಳುವವರೇ ಇಲ್ಲ.

ಬೇರೆ ದಾರಿ ಕಾಣದೆ ಸ್ಕೆಚ್ ಬುಕ್ ಹಿಡಿದು ಗಲ್ಲಿಗೆ ಇಳಿದೆ. ಬೇವಿನ ಮರದ ಕೆಳಗೆ ಒಬ್ಬರು ಇದ್ದಿಲಿನ ಇಸ್ತ್ರಿಪೆಟ್ಟಿಗೆ ಇಟ್ಟುಕೊಂಡು ಬಟ್ಟೆ ಉಜ್ಜುತ್ತಿದ್ದರು. ಎರಡು ವಾರ ಅದನ್ನೇ ಬರೆದೆ. ಅದರ ಹೊಟ್ಟೆ, ಹಿಡಿ, ಬೂದಿ. ಕೊನೆಗೆ ಐದಡಿ ಕಾಗದದ ಮೇಲೆ ಇದ್ದಿಲಿನಲ್ಲೇ ದೊಡ್ಡದಾಗಿ ಬರೆದು ಓಪನ್ ಡೇಗೆ ನೇತು ಹಾಕಿದೆ. ದೊಡ್ಡ ದೊಡ್ಡವರು ಬಂದು "ಇಂಟರೆಸ್ಟಿಂಗ್" ಅಂದು ಹೋದರು. ಇಸ್ತ್ರಿಯವರೂ ಬಂದರು. ತುಂಬಾ ಹೊತ್ತು ನೋಡಿ, ಮುಂದಿನ ತುದಿಗೆ ಬೆರಳು ತೋರಿಸಿ ಹಿಂದಿಯಲ್ಲಿ ಕೇಳಿದರು: "ಚಿಲಕ ಎಲ್ಲಿ? ಎತ್ತಿದರೆ ಕೆಂಡ ಎಲ್ಲ ಬಟ್ಟೆ ಮೇಲೆ." ಎರಡು ವಾರ ನೋಡಿದ್ದೆ. ಚಿಲಕ ಕಂಡಿರಲೇ ಇಲ್ಲ! ಕಾಲೇಜಿನ ಕ್ರಿಟ್‌ಗಳಲ್ಲಿ, ಅಂದರೆ ಎಲ್ಲರೂ ಕೂತು ಕೆಲಸದ ಬಗ್ಗೆ ಮಾತಾಡುವಾಗ, ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಆ ಆರು ಕ್ಯಾನ್ವಾಸ್ ಸುತ್ತಿದ ಹಾಗೇ ವಾಪಸ್ ಬಂದವು.

ಅದಕ್ಕೇ ಹೇಳೋದು, ಅರ್ಧ ಆಗಿರುವ ಸೀರೀಸ್ ಮುಗಿಸುವುದೇ ನಿಮ್ಮ ಉದ್ದೇಶ ಆದರೆ ಊರಿಗೇ ಹೋಗಿ. ಅಮ್ಮನ ಕೈ ಊಟ ಇರುತ್ತದೆ, ಜಗುಲಿ ಇರುತ್ತದೆ, ಕೆಲಸ ಜಾಸ್ತಿ ಆಗುತ್ತದೆ. ಮಾಡುತ್ತಿರುವುದರ ಮೇಲೆ ಒಂದಿಷ್ಟು ಅನುಮಾನ ಬಂದಿದ್ದರೆ ಮಾತ್ರ ರೆಸಿಡೆನ್ಸಿ ದಾರಿ ಹಿಡಿಯಿರಿ.

ಅರ್ಜಿಯಲ್ಲೂ ಅದನ್ನೇ ಬರೆಯಿರಿ. "ಬಾಲ್ಯದಿಂದಲೂ ಚಿತ್ರಕಲೆಯೆಂದರೆ ನನಗೆ ಪ್ರಾಣ" ಅನ್ನುವ ಸಾಲು ಬಂದರೆ ಹೊಡೆದು ಹಾಕಿ, ಎಲ್ಲರೂ ಅದನ್ನೇ ಬರೆದಿರುತ್ತಾರೆ. ಸ್ಟೇಟ್‌ಮೆಂಟನ್ನು, ಅಂದರೆ ನಿಮ್ಮ ಕೆಲಸದ ಬಗ್ಗೆ ಬರೆಯುವ ಟಿಪ್ಪಣಿಯನ್ನು, ಮೊದಲು ಕನ್ನಡದಲ್ಲಿ ಬರೆದುಕೊಂಡು ಆಮೇಲೆ ಇಂಗ್ಲಿಷಿಗೆ ತನ್ನಿ. ನನಗೆ ಹಾಗೆ ಮಾಡಿದ ಮೇಲೇ ನಾನು ಏನು ಹೇಳಬೇಕು ಅಂತ ನನಗೇ ಗೊತ್ತಾಗಿದ್ದು. ಹತ್ತು ಫೋಟೋ ಕೇಳಿದರೆ ಹತ್ತೂ ಒಂದೇ ಥರದ್ದು ಬೇಡ, ಹಾಗಂತ ಲೈಫ್ ಸ್ಟಡಿ, ಲ್ಯಾಂಡ್‌ಸ್ಕೇಪ್ ಎಲ್ಲ ತುರುಕಬೇಡಿ. ಚಿತ್ರಕ್ಕೆ ಗಾಜಿದ್ದರೆ ತೆಗೆದು, ಬೆಳಿಗ್ಗೆ ನೆರಳಿನಲ್ಲಿ, ಫ್ಲಾಶ್ ಇಲ್ಲದೆ ಫೋಟೋ ತೆಗೆಯಿರಿ. ಶಿಫಾರಸು ಪತ್ರಕ್ಕೆ ಮೇಷ್ಟ್ರನ್ನು ಒಂದು ತಿಂಗಳು ಮುಂಚೆ ಕೇಳಿ, ಕಳಿಸುತ್ತಿರುವ ಚಿತ್ರಗಳನ್ನೂ ಅವರಿಗೆ ತೋರಿಸಿ.

ಇನ್ನು ಆ ದೂರು. ಸಾಮಗ್ರಿಗೆ ದುಡ್ಡು ಕೊಡುತ್ತೇವೆ ಅಂದಿದ್ದರು. ಬಿಲ್ ತೋರಿಸಿದ ಮೇಲೆ ಕೊಡುತ್ತೇವೆ ಅಂತ ಹೇಳಿದ್ದು ಮೂರನೇ ವಾರದಲ್ಲಿ. ನಾನು ಇದ್ದಿಲು ತಂದಿದ್ದು ಗಲ್ಲಿಯಲ್ಲಿ, ಕಾಗದ ತಂದಿದ್ದು ಹಳೇ ಪೇಪರ್ ಅಂಗಡಿಯಲ್ಲಿ, ಬಿಲ್ ಎಲ್ಲಿಂದ ಬರಬೇಕು? ಮೂರು ಸಾವಿರ ಚಿಲ್ಲರೆ ಕೈಬಿಟ್ಟು ಹೋಯಿತು. ದುಡ್ಡು ಮೊದಲೇ ಕೊಡುತ್ತೀರಾ, ಬಿಲ್ ಬೇಕಾ, ರೈಲು ಚಾರ್ಜ್ ಸೇರಿದೆಯಾ ಅಂತ ಹೋಗುವ ಮುಂಚೆ ಮೇಲ್‌ನಲ್ಲೇ ಕೇಳಿ, ಉತ್ತರವನ್ನು ಮನೆಯಲ್ಲೂ ತೋರಿಸಿ. ನಮ್ಮಪ್ಪ ಒಪ್ಪಿದ್ದು ಹಾಗೇ. ಕಲೆ ಗಿಲೆ ಅಂತ ನಾನು ಹೇಳಿದ್ದೊಂದೂ ಅವರ ಕಿವಿಗೆ ಬಿದ್ದಿರಲಿಲ್ಲ. "ಊಟ, ವಸತಿ ಉಚಿತ" ಅನ್ನುವ ಸಾಲನ್ನು ಮಾತ್ರ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು.