ಹೆಂಡತಿ ಮೈಮೇಲೆ ಕೈ ಹಾಕಿದವನಿಗೆ ಎರಡು ಬಿಗಿಯಬಹುದಾ?

ತಮ್ಮಾ, ಮುಂದಿನ ತಿಂಗಳು ಹೆಂಡತಿ ಜೊತೆ ತುಮಕೂರಿನಿಂದ ಬರ್ಮಿಂಗ್‌ಹ್ಯಾಮ್‌ಗೆ ಬರುತ್ತಿದ್ದೇನೆ ಅಂತ ಬರೆದಿದ್ದೀಯ. ಬಾಡಿಗೆ, ಚಳಿ, ರಾಗಿಹಿಟ್ಟು ಎಲ್ಲ ಕೇಳಿ, ಕೊನೆಗೆ ಒಂದು ಸಾಲು ಸೇರಿಸಿದ್ದೀಯ: "ಅಕ್ಕಾ, ಅಲ್ಲಿ ರಸ್ತೆಯಲ್ಲಿ ಯಾರಾದರೂ ನನ್ನ ಹೆಂಡತಿ ಮೈಮೇಲೆ ಕೈ ಹಾಕಿದರೆ, ನಾನು ಅವನಿಗೆ ಎರಡು ಬಿಗಿದರೆ ಜೈಲಾ?" ರಾಗಿಹಿಟ್ಟು ಎಲ್ಲಿ ಸಿಗುತ್ತೆ ಅಂತ ಯಾರು ಬೇಕಾದರೂ ಹೇಳುತ್ತಾರೆ. ನಾನು ಈ ಕೊನೆಯ ಸಾಲಿಗೆ ಉತ್ತರ ಬರೆಯುತ್ತೇನೆ. ನಾನು ವಕೀಲೆ ಅಲ್ಲ. ಪಾವಗಡದವಳಾದ್ದರಿಂದ ಕನ್ನಡ, ತೆಲುಗು ಎರಡೂ ಬರುತ್ತೆ. ಇಲ್ಲಿನ ಪೊಲೀಸ್ ಸ್ಟೇಷನ್, ಕೋರ್ಟ್‌ಗಳಲ್ಲಿ ದುಭಾಷಿ ಕೆಲಸ ಮಾಡುತ್ತೇನೆ. ಅಷ್ಟರ ಬಲದ ಮೇಲೆ ಹೇಳುತ್ತಿದ್ದೇನೆ.

ಹೊಡೆಯಬಹುದು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1967ರ ಒಂದು ಕಾನೂನು ಇದೆ. ಅಪರಾಧ ತಡೆಯಲು, ಆ ಹೊತ್ತಿನ ಪರಿಸ್ಥಿತಿಗೆ ಸರಿ ಅನಿಸುವಷ್ಟು ಬಲವನ್ನು ಯಾರು ಬೇಕಾದರೂ ಬಳಸಬಹುದು ಅನ್ನುತ್ತೆ ಅದು. ಅವಳು ನಿನ್ನ ಹೆಂಡತಿಯೇ ಆಗಿರಬೇಕು ಅಂತಿಲ್ಲ. ಮದುವೆಯಾಗದ ಸಂಗಾತಿ, ಗೆಳತಿ, ಮುಖಪರಿಚಯವೇ ಇಲ್ಲದ ಹೆಂಗಸು, ಯಾರಾದರೂ ಸರಿ. ನಮ್ಮ ಕಡೆಯ ಕಾನೂನೂ ಹೀಗೇ ಇದೆ. ದಂಡಸಂಹಿತೆಯ 97ನೇ ಸೆಕ್ಷನ್ ತನ್ನ ಮೈಯನ್ನೂ ಬೇರೆಯವರ ಮೈಯನ್ನೂ ಕಾಪಾಡುವ ಹಕ್ಕು ಕೊಟ್ಟಿತ್ತು. 2024ರ ಜುಲೈ 1ರಿಂದ ಅದೇ ಮಾತು ಭಾರತೀಯ ನ್ಯಾಯ ಸಂಹಿತೆಯ 35ನೇ ಸೆಕ್ಷನ್‌ನಲ್ಲಿದೆ. ಅಗತ್ಯಕ್ಕಿಂತ ಜಾಸ್ತಿ ಹೊಡೆಯುವಂತಿಲ್ಲ ಅನ್ನುವ ಷರತ್ತು ಅಲ್ಲೂ ಉಂಟು, ಇಲ್ಲೂ ಉಂಟು.

ಎಷ್ಟು ಜಾಸ್ತಿ ಅಂದರೆ ಜಾಸ್ತಿ? ಇದರಲ್ಲಿ ಇಲ್ಲಿನ ಕೋರ್ಟುಗಳು ನೀನು ಹೆದರಿದಷ್ಟು ಕಠಿಣವಲ್ಲ. ಗಾಬರಿಯಲ್ಲಿರುವವನು ಪ್ರತಿ ಏಟನ್ನೂ ತಕ್ಕಡಿಯಲ್ಲಿ ತೂಗಿ ಹೊಡೆಯಲು ಆಗುವುದಿಲ್ಲ ಅಂತ ಅವೂ ಒಪ್ಪುತ್ತವೆ. 2008ರ ಕಾನೂನಿನಲ್ಲಿ ಅದನ್ನು ಬರೆದೇ ಇಟ್ಟಿದ್ದಾರೆ. ಆ ಕ್ಷಣದಲ್ಲಿ ನೀನು ಪ್ರಾಮಾಣಿಕವಾಗಿ ಏನು ನಂಬಿದ್ದೆಯೋ ಅದನ್ನೇ ನಿಜ ಅಂತ ಇಟ್ಟುಕೊಂಡು ನೋಡುತ್ತಾರೆ. ನೀನು ನಂಬಿದ್ದು ಆಮೇಲೆ ತಪ್ಪು ಅಂತ ಗೊತ್ತಾದರೂ ಪರವಾಗಿಲ್ಲ. ಅವನು ಕೈ ಎತ್ತಿ ಬರುತ್ತಿದ್ದರೆ ಮೊದಲ ಏಟು ಬೀಳುವವರೆಗೆ ಕಾಯಬೇಕಾಗಿಯೂ ಇಲ್ಲ. ಆದರೆ ಕುಡಿದ ಮತ್ತಿನಲ್ಲಿ ತಪ್ಪು ತಿಳಿದುಕೊಂಡೆ ಅಂದರೆ ಆ ರಿಯಾಯಿತಿ ಇಲ್ಲ. ಶುಕ್ರವಾರ ರಾತ್ರಿ ಪಬ್‌ನಿಂದ ಬರುವಾಗ ಇದು ನೆನಪಿರಲಿ.

ಜನ ಸಿಕ್ಕಿಬೀಳುವುದು ಏಟಿನ ಬಲದಿಂದಲ್ಲ, ಏಟು ಬಿದ್ದ ಹೊತ್ತಿನಿಂದ. ನಾನು ಸ್ಟೇಷನ್‌ನಲ್ಲಿ ಕೇಳಿದ್ದನ್ನು ಹೊರಗೆ ಹೇಳುವಂತಿಲ್ಲ, ಹಾಗಾಗಿ ಪತ್ರಿಕೆಗಳಲ್ಲೆಲ್ಲ ಬಂದ ಒಂದು ಕೇಸು ಹೇಳುತ್ತೇನೆ. 2008ರಲ್ಲಿ, ಹೈ ವಿಕಂಬ್ ಊರು. ಒಬ್ಬ ವ್ಯಾಪಾರಿ ಹೆಂಡತಿ ಮಕ್ಕಳ ಜೊತೆ ಮಸೀದಿಯಿಂದ ಮನೆಗೆ ಬಂದರೆ, ಒಳಗೆ ಮುಸುಕು ಹಾಕಿದ ಮೂವರು ಚಾಕು ಹಿಡಿದು ನಿಂತಿದ್ದಾರೆ. ಎಲ್ಲರನ್ನೂ ಕಟ್ಟಿಹಾಕಿದರು. ಒಬ್ಬ ಮಗ ತಪ್ಪಿಸಿಕೊಂಡು ಹೋಗಿ ಚಿಕ್ಕಪ್ಪನಿಗೆ ಸುದ್ದಿ ಮುಟ್ಟಿಸಿದ. ಕಳ್ಳರು ಓಡಿದರು. ಅಣ್ಣ ತಮ್ಮ ಅಟ್ಟಿಸಿಕೊಂಡು ಹೋಗಿ ಒಬ್ಬನನ್ನು ರಸ್ತೆಯಲ್ಲಿ ಕೆಡವಿದರು. ನೆಲಕ್ಕೆ ಬಿದ್ದವನನ್ನು ಕ್ರಿಕೆಟ್ ಬ್ಯಾಟ್ ಮುರಿಯುವ ಹಾಗೆ ಬಡಿದರು. ಅವನ ಮಿದುಳಿಗೆ ಶಾಶ್ವತ ಪೆಟ್ಟಾಯಿತು. ಮನೆಯೊಳಗೆ ಅದೇ ಏಟು ಬಿದ್ದಿದ್ದರೆ ಕಥೆ ಬೇರೆ ಇರುತ್ತಿತ್ತು. ಆದರೆ ಓಡುತ್ತಿದ್ದವನಿಂದ ಆ ಹೆಂಗಸಿಗೆ ಅಪಾಯ ಉಳಿದಿರಲಿಲ್ಲ. 2009ರ ಡಿಸೆಂಬರ್‌ನಲ್ಲಿ ಅಣ್ಣನಿಗೆ 30 ತಿಂಗಳು ಜೈಲು. ಮರುತಿಂಗಳೇ ಮೇಲಿನ ಕೋರ್ಟು ಕರುಣೆ ತೋರಿಸಿ ಶಿಕ್ಷೆಯನ್ನು ಅಮಾನತಿನಲ್ಲಿಟ್ಟು ಮನೆಗೆ ಕಳಿಸಿತು. ಆದರೆ ಅಪರಾಧಿ ಅನ್ನುವುದು ಹಾಗೇ ಉಳಿಯಿತು. ಆಮೇಲೆ 2013ರಲ್ಲಿ ಮನೆಗೆ ನುಗ್ಗಿದವರ ವಿಷಯದಲ್ಲಿ ಮಾತ್ರ ಕಾನೂನು ಸ್ವಲ್ಪ ಸಡಿಲವಾಯಿತು. ಬೀದಿಯಲ್ಲಿ ಅಟ್ಟಿಸಿಕೊಂಡು ಹೋಗುವವನಿಗೆ ಅದರಿಂದ ಏನೂ ಸಿಗುವುದಿಲ್ಲ.

ನಮ್ಮೂರಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಒಬ್ಬ ಹುಡುಗಿಯನ್ನು ಚುಡಾಯಿಸಿದರೆ ನಾಲ್ಕು ಜನ ಸೇರಿ ಧರ್ಮದೇಟು ಕೊಡುತ್ತಾರೆ. ಆಮೇಲೆ ಯಾರು ಹೊಡೆದರು ಅಂದರೆ ಯಾರೂ ಇಲ್ಲ. ಕಾನೂನಿನಲ್ಲಿ ಅದಕ್ಕೆ ಅಲ್ಲೂ ಜಾಗವಿಲ್ಲ ಬಿಡು. ಇಲ್ಲಿ ಆ ನಾಲ್ಕು ಜನ ಸೇರುವುದಿಲ್ಲ. ಬದಲಿಗೆ ಬಸ್ಸಿನಲ್ಲಿ, ಪ್ಲಾಟ್‌ಫಾರ್ಮಿನಲ್ಲಿ, ಅಂಗಡಿ ಬಾಗಿಲಲ್ಲಿ ಕ್ಯಾಮೆರಾ ಇರುತ್ತೆ. ನಿನ್ನ ಮೊದಲ ಏಟೂ ಕಾಣುತ್ತೆ, ಮೂರನೆಯದೂ ಕಾಣುತ್ತೆ.

ಒಂದು ಸಲ ರಾತ್ರಿ ರೈಲ್ವೆ ಪ್ಲಾಟ್‌ಫಾರ್ಮಿನಲ್ಲಿ ಒಬ್ಬ ಕುಡುಕ ನನ್ನ ದುಪಟ್ಟಾ ಹಿಡಿದು ಎಳೆದ. ನಮ್ಮನೆಯವರು ಅವನ ಎದೆಗೆ ಕೈಯಿಟ್ಟು ಜೋರಾಗಿ ತಳ್ಳಿ ನಡುವೆ ನಿಂತರು. ಅವನು ಬೆಂಚಿನ ಮೇಲೆ ಬಿದ್ದ. ಅಲ್ಲಿಗೆ ನನಗೆ ಸಾಕಾಗಿತ್ತು. ಆದರೆ ಅವನು ಕೂತಲ್ಲಿಂದಲೇ ನಮ್ಮ ಬಣ್ಣ ಎತ್ತಿ ಬೈಯಲು ಶುರುಮಾಡಿದ. ಇವರು ಮತ್ತೆ ಅವನ ಕಡೆಗೇ ಹೊರಟರು ನೋಡು, ಜಾಕೆಟ್ ಹಿಡಿದು ಎಳೆದುಕೊಂಡು ಬಂದೆ. ನನ್ನ ಮೈ ಆಗಲೇ ಸುರಕ್ಷಿತವಾಗಿತ್ತು. ಅವರು ವಾಪಸ್ ಹೊರಟಿದ್ದು ಯಾರಿಗಾಗಿ? ಈ ಪ್ರಶ್ನೆಯನ್ನು ನಾನು ಆಮೇಲೆ ಅವರಿಗೆ ಕೇಳಿದೆ. ಎರಡು ದಿನ ಮಾತು ಬಿಟ್ಟಿದ್ದರು, ಅದು ಬೇರೆ ವಿಷಯ.

ಹೆಂಡತಿಯ ಮೈ ಕಾಪಾಡುವುದು ಬೇರೆ, ಗಂಡನ ಮಾನ ಕಾಪಾಡುವುದು ಬೇರೆ. ಮೊದಲನೆಯದಕ್ಕೆ ಕೈ ಎತ್ತುವುದು ನ್ಯಾಯ ಅಂತಲೇ ನಾನು ನಂಬುತ್ತೇನೆ. ಪಕ್ಕದಲ್ಲಿದ್ದೂ ಸುಮ್ನೆ ನಿಂತವನನ್ನು ನಾನು ಮೆಚ್ಚುವುದಿಲ್ಲ. ಎರಡನೆಯದಕ್ಕೆ ಅವಳ ಹೆಸರು ಬಳಸಬಾರದು. ಬೈಗುಳಕ್ಕೆ ಏಟು ಉತ್ತರವಲ್ಲ, ಕಾನೂನೂ ಅದನ್ನು ರಕ್ಷಣೆ ಅನ್ನುವುದಿಲ್ಲ. ಬಣ್ಣ, ದೇಶ ಎತ್ತಿ ಬೈದು ಪೀಡಿಸುವುದು ಇಲ್ಲಿ ಅಪರಾಧ. 1998ರ ಕಾನೂನಿನಂತೆ ಅದಕ್ಕೆ ಶಿಕ್ಷೆಯೂ ಹೆಚ್ಚು. ದೂರು ಕೊಡು. ರೈಲಿನಲ್ಲಾದರೆ 61016ಕ್ಕೆ ಮೆಸೇಜ್ ಕಳಿಸಿದರೆ ರೈಲ್ವೆ ಪೊಲೀಸರಿಗೆ ಹೋಗುತ್ತೆ. ಅಪಾಯ ಎದುರಿಗೇ ಇದ್ದರೆ ತುರ್ತು ನಂಬರ್ 999ಕ್ಕೆ ಕರೆ ಮಾಡು. ಮೊಬೈಲ್‌ನಲ್ಲಿ ಮಾತಾಡಲು ಆಗದಿದ್ದರೆ, ಅವರು ಕೇಳಿದಾಗ 55 ಒತ್ತಿದರೂ ಸಾಕು.

ವಿಮಾನ ಹತ್ತುವ ಮೊದಲು ಇದನ್ನು ನಿನ್ನ ಹೆಂಡತಿ ಜೊತೆಯೇ ಮಾತಾಡು. ಅವಳಿಗೆ ಏನು ಬೇಕು ಅಂತ ಕೇಳು. ಅವಳು ನಿನ್ನ ಡಿಪೆಂಡೆಂಟ್ ವೀಸಾದಲ್ಲಿ ಬರುತ್ತಿದ್ದಾಳೆ ಅಲ್ವಾ? ಹೊರದೇಶದವನಿಗೆ 12 ತಿಂಗಳು ಅಥವಾ ಅದಕ್ಕಿಂತ ಜಾಸ್ತಿ ಜೈಲಾದರೆ, 2007ರ ಕಾನೂನಿನಂತೆ ಗಡೀಪಾರು ಆಗುವುದೇ ನಿಯಮ. ನಿನ್ನ ವೀಸಾ ಹೋದರೆ ಅವಳದ್ದೂ ಹೋಗುತ್ತೆ. ಯಾರನ್ನು ಕಾಪಾಡಲು ಕೈ ಎತ್ತಿದೆಯೋ ಅವಳೇ ಗುರುತು ಪರಿಚಯ ಇಲ್ಲದ ಊರಲ್ಲಿ ಸೂಟ್‌ಕೇಸ್ ಕಟ್ಟಬೇಕಾಗುತ್ತೆ.

ಅವಳ ಹ್ಯಾಂಡ್‌ಬ್ಯಾಗ್ ಕೂಡ ಒಮ್ಮೆ ನೋಡಿಬಿಡು. ಊರಲ್ಲಿ ಅಂಗಡಿಯಲ್ಲಿ ಸಿಗುವ ಪೆಪ್ಪರ್ ಸ್ಪ್ರೇ ಇಲ್ಲಿ 1968ರ ಬಂದೂಕು ಕಾನೂನಿನಡಿ ನಿಷೇಧಿತ ಆಯುಧ. ಅಮ್ಮನಿಗೆ ಕೊಟ್ಟು ಬಾ. ಕೂಗುವ ಅಲಾರಂ ಇಟ್ಟುಕೊಳ್ಳಬಹುದು. "ಆತ್ಮರಕ್ಷಣೆಗೆ ಇರಲಿ" ಅಂತ ಕಾರಿನಲ್ಲಿ ಬ್ಯಾಟ್ ಇಟ್ಟರೆ, ಆ ಉದ್ದೇಶದಿಂದಲೇ ಅದು ಆಯುಧವಾಗುತ್ತೆ. ನಿಜವಾಗಿ ಕ್ರಿಕೆಟ್ ಆಡುವವನಿಗೆ ತೊಂದರೆ ಇಲ್ಲ.

ಇಷ್ಟಾಗಿಯೂ ಏನಾದರೂ ನಡೆದರೆ, ಪೊಲೀಸರು ಬಂದು ಅವನನ್ನೂ ನಿನ್ನನ್ನೂ ಹಿಡಿಯಬಹುದು. ಗಾಬರಿ ಬೀಳಬೇಡ. ಸ್ಟೇಷನ್‌ನಲ್ಲಿ ಡ್ಯೂಟಿ ಸಾಲಿಸಿಟರ್, ಅಂದರೆ ಹಿಡಿದು ತಂದವರಿಗೆ ನೆರವಾಗುವ ವಕೀಲರು, ಬೇಕು ಅಂತ ಕೇಳು. ನಿನ್ನ ಸಂಬಳ ಎಷ್ಟೇ ಇರಲಿ, ಮಧ್ಯರಾತ್ರಿಯೇ ಆಗಲಿ, ಅದು ಪುಕ್ಕಟೆ. ಅವರ ಜೊತೆ ಮಾತಾಡುವವರೆಗೆ ಪೊಲೀಸರ ಇಂಟರ್‌ವ್ಯೂಗೆ, ಅಂದರೆ ವಿಚಾರಣೆಗೆ, ಒಪ್ಪಬೇಡ. ಮಾತಾಡಿದ ಮೇಲೆ "ಅವಳನ್ನು ಬಿಡಿಸಲು ತಳ್ಳಿದೆ" ಅನ್ನುವುದನ್ನು ಆಗಲೇ ಹೇಳಬೇಕಾ ಅಂತ ಅವರನ್ನೇ ಕೇಳು. ಅಲ್ಲಿ ಬಾಯಿಬಿಡದೆ ಕೋರ್ಟಿನಲ್ಲಿ ಮೊದಲ ಸಲ ಹೇಳಿದರೆ ಅನುಮಾನ ಪಡಲು ಅವಕಾಶವಿದೆ. ಇನ್ನೊಂದು, "ಕಾಷನ್ ತಗೊಂಡರೆ ಈಗಲೇ ಮನೆಗೆ ಹೋಗಬಹುದು" ಅಂತ ಯಾರಾದರೂ ಅಂದರೆ, ನೆನಪಿಡು, ಕಾಷನ್ ಅಂದರೆ ಪೊಲೀಸರು ಕೊಡುವ ಎಚ್ಚರಿಕೆ, ಅದನ್ನು ತಗೊಂಡರೆ ತಪ್ಪು ಒಪ್ಪಿಕೊಂಡ ಹಾಗೆ. ಮುಂದೆ ವೀಸಾ ಅರ್ಜಿಯಲ್ಲಿ ಅದನ್ನು ಬರೆಯಬೇಕಾಗುತ್ತೆ. ವಕೀಲರನ್ನು ಕೇಳದೆ ಸಹಿ ಹಾಕಬೇಡ. ನಿನ್ನ ಇಂಗ್ಲಿಷ್ ಆಫೀಸಿಗೆ ಸಾಲುತ್ತೆ, ರಾತ್ರಿ ಎರಡು ಗಂಟೆಗೆ ಪೊಲೀಸರ ಮುಂದೆ ಸಾಲುತ್ತೋ ಇಲ್ಲವೋ. ಸಂಕೋಚ ಬೇಡ, ಕನ್ನಡದ ದುಭಾಷಿ ಬೇಕು ಅಂತ ಹೇಳು. ಅದಕ್ಕೂ ನೀನು ದುಡ್ಡು ಕೊಡಬೇಕಾಗಿಲ್ಲ.