ಮಾಡೆಲ್ ರೈಲು ಲೇಔಟ್‌ನ (ಬೋರ್ಡಿನ ಮೇಲೆ ಜೋಡಿಸಿದ ಪುಟ್ಟ ಹಳಿಗಳ) ಆಚೆ ತುದಿಯಲ್ಲಿ ಎಂಜಿನ್ ನಿಧಾನ ಆಗುತ್ತಿರುವುದಕ್ಕೆ
ಕಂಟ್ರೋಲರ್ (ಹಳಿಗೆ ಕರೆಂಟು ಕೊಡುವ ಪೆಟ್ಟಿಗೆ) ಹತ್ತಿರ ಚೆನ್ನಾಗಿ ಓಡುವ ಎಂಜಿನ್ ಆಚೆ ತುದಿಯಲ್ಲಿ ಮಾತ್ರ ಏದುಸಿರು ಬಿಡುತ್ತಿದೆ ಅಂದರೆ ತಪ್ಪು ಬಹುಮಟ್ಟಿಗೆ ಎಂಜಿನ್‌ದಲ್ಲ, ಹಳಿಯಲ್ಲಿ ವೋಲ್ಟೇಜ್ ಬೀಳುತ್ತಿದೆ. ನಿಮ್ಮ ಕ್ಲಬ್ಬಿನ ಇಡೀ ಲೇಔಟಿಗೆ ಕಂಟ್ರೋಲರಿನಿಂದ ಒಂದೇ ಜೋಡಿ ವೈರ್ ಅಂದಿರಿ. ಹಾಗಾದರೆ ಕರೆಂಟು ಪ್ರತಿಯೊಂದು ರೈಲ್ ಜಾಯಿನರನ್ನೂ (ಹಳಿಯ ತುಂಡುಗಳನ್ನು ಜೋಡಿಸುವ ಲೋಹದ ಪಟ್ಟಿ) ದಾಟಿಕೊಂಡೇ ಹೋಗಬೇಕು. ಅವು ಬರಬರುತ್ತಾ ಸಡಿಲಾಗಿ ಕಿಲುಬು ಹಿಡಿಯುತ್ತವೆ.

ಮೊದಲು ಎಂಜಿನ್ ಓಡುತ್ತಿರುವಾಗಲೇ ಎರಡೂ ತುದಿಯಲ್ಲಿ ಮಲ್ಟಿಮೀಟರ್ ಇಟ್ಟು ವೋಲ್ಟೇಜ್ ನೋಡಿ (ಖಾಲಿ ಹಳಿಯಲ್ಲಿ ಅಳೆದರೆ ಮೀಟರ್ ಸುಳ್ಳು ಹೇಳುತ್ತೆ). ಒಂದು ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ, ಬೋರ್ಡ್ ಕೆಳಗೆ 2.5 ಚದರ ಮಿ.ಮೀ. ವೈರ್ ಜೋಡಿ ಎಳೆದು, ಹಳಿಯ ಪ್ರತಿ ಒಂದು ಮೀಟರ್ ಉದ್ದಕ್ಕೆ ಒಂದು ಜೋಡಿಯಂತೆ ಅದರಿಂದ ಸಣ್ಣ ವೈರ್‌ಗಳನ್ನು ತಂದು ಹಳಿಯ ಹೊರಮಗ್ಗುಲಿಗೆ ಬೆಸುಗೆ ಹಾಕಿ. ಒಳಮಗ್ಗುಲಿಗೆ ಹಾಕಿದರೆ ಚಕ್ರದ ಅಂಚು ಬಡಿಯುತ್ತೆ. ಎರಡು ಹಳಿಗೆ ಹೋಗುವ ಕೆಂಪು-ಕಪ್ಪು ವೈರ್ ಎಲ್ಲಾದರೂ ಅದಲುಬದಲಾದರೆ ಶಾರ್ಟ್ ಸರ್ಕ್ಯೂಟ್.

ವ್ಯತ್ಯಾಸವೇ ಕಾಣದಿದ್ದರೆ ಬಹುಶಃ ಅಲ್ಲಿ ಬರೀ ಕೊಳೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಬಟ್ಟೆ ಅದ್ದಿ ಹಳಿ ಒರೆಸಿ ನೋಡಿ.